ಜಾರ್ಜ್ ನೋಟು ಮತ್ತು ಯುವಿ ಟಾರ್ಚ್: ಹೊಳೆಯದಿದ್ದರೇ ಬೆಲೆ

ಬ್ರಿಟಿಷರ ಕಾಲದ, ಆರನೇ ಜಾರ್ಜ್ ದೊರೆಯ ಚಿತ್ರವಿರುವ ಹಳೇ ನೋಟಿಗೆ ಯುವಿ (ಅತಿನೇರಳೆ) ಟಾರ್ಚ್ ಯಾಕೆ, ಈಗಿನ ನೋಟಿನಂತೆ ಹೊಳೆಯೋ ಭದ್ರತಾ ದಾರವೇ ಇಲ್ಲವಲ್ಲ ಎಂದು ನಕ್ಕವರೇ ಹೆಚ್ಚು. ಹೊಳೆಯದಿರುವುದೇ ಇಲ್ಲಿ ಪರೀಕ್ಷೆ. 1938ರ ಕಾಗದಕ್ಕೆ ಯುವಿಯಲ್ಲಿ ಹೊಳೆಯುವ ಬಿಳುಪಿನ ರಾಸಾಯನಿಕ ಹಾಕುತ್ತಿರಲಿಲ್ಲ, 365 ನ್ಯಾನೋಮೀಟರ್ ಬೆಳಕಲ್ಲಿ ಅದು ಮಂಕಾಗಿರಬೇಕು. ನೀಲಿಯಾಗಿ ಬೆಳಗಿದರೆ ಕಾಗದ ಈಚಿನದು, ಇಲ್ಲವೇ ನೋಟು ಅಂಥದೇ ರಾಸಾಯನಿಕವಿರುವ ಸೋಪಿನ ಪುಡಿಯಲ್ಲಿ ಮಿಂದಿದೆ. 395ರ ಟಾರ್ಚ್ ಬೇಡ, ಅದರ ನೇರಳೆ ಬೆಳಕೇ ಕಣ್ಣಿಗೆ ಮೋಸ ಮಾಡುತ್ತದೆ. ಅಂಥ ಎರಡು ಟಾರ್ಚ್ ಕೊಂಡು ಆರೇಳು ನೂರು ದಂಡ. ನೋಟನ್ನು ಕವರಿನಿಂದ ಹೊರಗೆ ತೆಗೆದೇ ನೋಡಿ, ಕೆಲವು ಪ್ಲಾಸ್ಟಿಕ್ ತಾವೇ ಬೆಳಗುತ್ತವೆ.

ದೊಡ್ಡ ದಂಡ ಬೇರೆ. ರಿಸರ್ವ್ ಬ್ಯಾಂಕಿನ ಎರಡನೇ ಗವರ್ನರ್ ಟೇಲರ್ ಸಹಿಯ ಹತ್ತು ರೂಪಾಯಿ, ಹನ್ನೆರಡರ ಲಾಟು, ಎಕ್ಸ್‌ಟ್ರಾ ಫೈನ್ (ಹೆಚ್ಚು ಬಳಸದ ನೋಟಿನ ದರ್ಜೆ) ಅಂತ ನಂಬಿ ತಲಾ ಸುಮಾರು 2,500ಕ್ಕೆ ಕೊಂಡದ್ದು ಮೊದಲ ತಪ್ಪು. ಐದು ಬೆಳಗಿದವು. ನಕಲಿ ಎಂದು ಎತ್ತಿಟ್ಟದ್ದು ಎರಡನೇ ತಪ್ಪು: ಕಿಟಕಿಗೆ ಹಿಡಿದರೆ ನೀರ್ಗುರುತು (ವಾಟರ್‌ಮಾರ್ಕ್) ಸರಿಯಾಗಿಯೇ ಇತ್ತು. ಬರೀ ತೊಳೆದು ಇಸ್ತ್ರಿ ಮಾಡಿದ ಅಸಲಿಗಳು. ಕೊನೆಗೆ ತೊಳೆದದ್ದು ಎಂದು ಹೇಳಿಯೇ ಮಾರಿದ್ದು, ಕೊಂಡದ್ದರ ಮೂರನೇ ಒಂದಕ್ಕೆ.

ಇಸ್ತ್ರಿ ತಿಳಿಯಲು ಮಾಮೂಲಿ ಟಾರ್ಚನ್ನು ಮೇಜಿಗೆ ಒರಗಿಸಿ ಓರೆ ಬೆಳಕು ಬಿಡಿ. ನಂಬರು ಒತ್ತಿದ ಉಬ್ಬು ಹಿಂಬದಿಯಲ್ಲಿ ಕಾಣಬೇಕು. ಅದು ಚಪ್ಪಟೆಯಾಗಿದ್ದು, ಮಡಿಕೆ ಇದ್ದ ಜಾಗದಲ್ಲಿ ಶಾಯಿ ಕೂದಲೆಳೆಯಷ್ಟು ಬಿಟ್ಟಿದ್ದರೆ ಎರಡು ದರ್ಜೆ ಇಳಿಸಿ. ಸ್ಕ್ಯಾನ್ ಮಾಡಿ ಅಚ್ಚು ಹಾಕಿದ್ದಾದರೆ ಹಿಂಬದಿಯ ಕನ್ನಡ ಸಾಲು ನೋಡಿ: ಹತ್ತು ಪಟ್ಟು ಹಿಗ್ಗಿಸುವ ಲೂಪ್‌ನಲ್ಲಿ (ಪುಟ್ಟ ಭೂತಗನ್ನಡಿ) ಅಕ್ಷರ ಬಣ್ಣದ ಚುಕ್ಕಿಗಳಾಗಿ ಒಡೆಯುತ್ತದೆ. ಆಸ್ಬರ್ನ್ ಸ್ಮಿತ್ ಸಹಿ ಇದೆ ಎಂದು ಯಾರಾದರೂ ತೋರಿಸಿದರೆ ಟಾರ್ಚೂ ಬೇಡ. ಆ ಮೊದಲ ಗವರ್ನರ್ ಯಾವ ನೋಟಿಗೂ ಸಹಿ ಹಾಕಿಲ್ಲ.

ಬರ್ಮಾ ಮೇಲೊತ್ತಿನಲ್ಲಿ, ಅಂದರೆ ಬರ್ಮಾದಲ್ಲಿ ಚಲಾಯಿಸಲು ಇದೇ ನೋಟುಗಳ ಮೇಲೆ ಹೊಡೆದ ಹೆಚ್ಚುವರಿ ಅಚ್ಚಿನಲ್ಲಿ, ಇದೇ ಓರೆ ಬೆಳಕು ಇನ್ನೂ ಕಾಸು ಉಳಿಸಿತು. 1945ರ ಮಿಲಿಟರಿ ಅಡ್ಮಿನಿಸ್ಟ್ರೇಷನ್ ಒತ್ತು ಅಸಲಿಯಾದರೆ ಮಡಿಕೆಯಲ್ಲಿ ನೋಟಿನ ಉಳಿದ ಅಚ್ಚು ಒಡೆದಂತೆ ಅದೂ ಒಡೆದಿರುತ್ತದೆ. ಆಮೇಲೆ ಹೊಡೆದದ್ದಾದರೆ ಶಾಯಿ ಮಡಿಕೆಯ ಸೀಳಿನೊಳಗೆ ಇಳಿದು ಅಲ್ಲೇ ದಪ್ಪಗಾಗಿರುತ್ತದೆ.

ಬೆಲೆಗೆ ಕ್ಯಾಟಲಾಗ್ ನೆಚ್ಚಬೇಡಿ. ಅದೇ ಸಹಿ, ಅದೇ ದರ್ಜೆಯ ನಾಲ್ಕೈದು ಹರಾಜಿನ ಬೆಲೆ ತೆಗೆದು, ಅತಿ ಹೆಚ್ಚಿನದನ್ನು ಬಿಟ್ಟು, ಕಮಿಷನ್ ಕಳೆದು ಉಳಿದದ್ದರ ಮುಕ್ಕಾಲಿಗೆ ಕೊಂಡರೆ ಕೈ ಸುಡುವುದಿಲ್ಲ. ಎರಡು ಪಿನ್ ತೂತಿಗೆ ಹೆದರಬೇಡಿ, ಅಂಚು ಕತ್ತರಿಸಿದ್ದಕ್ಕೆ ಹೆದರಿ.

ಹರಕು ನೋಟುಗಳನ್ನು ನೆನೆಸಿಯೂ ನೋಡಿದ್ದಾಯಿತು: ಸೋಪಿನ ಪುಡಿಯಲ್ಲಿ ಹತ್ತೇ ನಿಮಿಷ ಸಾಕು, ಆಮೇಲೆ ಮೂರು ಸಲ ಜಾಲಿಸಿದರೂ ಹೊಳಪು ಹೋಗಲಿಲ್ಲ. ಬರೀ ನೀರಲ್ಲಿ ತೊಳೆದದ್ದು ಮಾತ್ರ ಬೆಳಗುವುದಿಲ್ಲ. ಅದನ್ನು ಹಿಡಿಯಲೂ ಒಂದು ದಾರಿಯಿದೆ. ಬರೆದರೆ ತೊಳೆಯುವವರೂ ಓದುತ್ತಾರೆ.