ಮೀನು ಕಚ್ಚಿದ್ದು ಕೈಗೆ ಗೊತ್ತಾಗಲೇ ಇಲ್ಲ: ಬ್ಯಾಸ್ ಹಿಡಿಯಲು ಕಲಿತ ನನ್ನ ಅನುಭವ

ಬ್ಯಾಸ್ ಅಂದರೆ ಸಿಹಿನೀರಿನ, ದೊಡ್ಡ ಬಾಯಿಯ ಬೇಟೆಗಾರ ಮೀನು. ಮೊದಲ ವರ್ಷ ನನಗೆ ಸಿಕ್ಕ ಬ್ಯಾಸ್ ಒಟ್ಟು ನಾಲ್ಕು. ಅದರಲ್ಲೂ ಎರಡು ತಾವಾಗಿಯೇ ಬಂದು ಸಿಕ್ಕಿಹಾಕಿಕೊಂಡವು. ನಾನು ಹಿಡಿದೆ ಅಂತ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ರಾಡ್ ಚೆನ್ನಾಗಿತ್ತು, ರೀಲ್ ಚೆನ್ನಾಗಿತ್ತು, ಡಬ್ಬಿ ತುಂಬ ಬಣ್ಣಬಣ್ಣದ ಪ್ಲಾಸ್ಟಿಕ್ ಹುಳುಗಳಿದ್ದವು. ಮೀನು ಕಚ್ಚುತ್ತಿಲ್ಲ ಅಂತ ನಾನು ಹುಳುವಿನ ಬಣ್ಣ ಬದಲಾಯಿಸುತ್ತಾ ಕೂತಿರುತ್ತಿದ್ದೆ. ಪಾಪ, ಮೀನು ಕಚ್ಚುತ್ತಲೇ ಇತ್ತು.

ಅದು ಗೊತ್ತಾಗಿದ್ದು ಒಂದು ಮಧ್ಯಾಹ್ನ. ದೋಣಿ ಕಟ್ಟುವ ಮರದ ಅಟ್ಟದ ಮೇಲೆ ನಿಂತಿದ್ದೆ. ಗಾಳಿ ಇರಲಿಲ್ಲ, ನೀರು ತಿಳಿಯಾಗಿತ್ತು. ನೀರಿನ ಹೊಳಪು ತಡೆಯುವ ಪೋಲರೈಸ್ಡ್ ಕನ್ನಡಕ ಹಾಕಿದ್ದರಿಂದ ತಳದವರೆಗೂ ಕಾಣುತ್ತಿತ್ತು. ಆರೇಳು ಅಡಿ ಕೆಳಗೆ ನನ್ನ ಹುಳು ಸುಮ್ನೆ ಬಿದ್ದಿತ್ತು. ಕಂಬದ ನೆರಳಿನಿಂದ ಒಂದು ಬ್ಯಾಸ್ ಹೊರಬಂತು. ಒಂದೂವರೆ ಗೇಣು ಇರಬಹುದು. ಹುಳುವಿನ ಮುಂದೆ ನಿಂತು ಮೂತಿ ತಗ್ಗಿಸಿ ನೋಡಿತು. ಮರುಕ್ಷಣ ಹುಳು ಅಲ್ಲಿರಲಿಲ್ಲ! ಬಾಯಿ ತೆರೆದದ್ದೂ ನನಗೆ ಸರಿಯಾಗಿ ಕಾಣಲಿಲ್ಲ. ಕಿವಿರಿನ ಪಕ್ಕದಿಂದ ಮಾತ್ರ ಕೆಸರು ಹೊಗೆಯ ಹಾಗೆ ಹೊರಬಂತು. ಒಂದು, ಎರಡು ಎಣಿಸುವಷ್ಟರಲ್ಲಿ ಮೀನು ಹುಳುವನ್ನು ಉಗಿದು, ತಿರುಗಿ ನೆರಳಿಗೆ ಹೋಯಿತು. ಇಷ್ಟೆಲ್ಲ ನಡೆಯುವಾಗ ರಾಡ್ ಹಿಡಿದ ನನ್ನ ಕೈಗೆ ಒಂದು ಸಣ್ಣ ಅದುರೂ ಬರಲಿಲ್ಲ.

ಬ್ಯಾಸ್ ನಾಯಿಯ ಹಾಗೆ ಬಾಯಿ ಹಾಕಿ ಎಳೆಯುವ ಮೀನಲ್ಲ. ಅಷ್ಟು ದೊಡ್ಡ ಬಾಯನ್ನು ಥಟ್ಟನೆ ತೆರೆಯುತ್ತದೆ. ನೀರು ಒಳಗೆ ನುಗ್ಗುತ್ತದೆ, ನೀರಿನ ಜೊತೆ ತಿಂಡಿಯೂ ಬರುತ್ತದೆ. ನೀರು ಕಿವಿರಿನಿಂದ ಆಚೆ ಹೋಗುತ್ತದೆ, ತಿಂಡಿ ಬಾಯಲ್ಲಿ ಉಳಿಯುತ್ತದೆ. ಅಂದರೆ ಅದು ಹೀರುವುದು. ನಿಂತಲ್ಲೇ ನಿಂತು ಹೀರಿದರೆ ದಾರ ಬಿಗಿಯಾಗುವುದಾದರೂ ಹೇಗೆ? ನಾನು ಮಾತ್ರ ಯಾರೋ ಬಾಗಿಲು ಬಡಿದ ಹಾಗೆ ಒಂದು ಜಗ್ಗು ಬರುತ್ತದೆ ಅಂತ ಕಾಯುತ್ತಿದ್ದೆ.

ಆವತ್ತಿನಿಂದ ಕೈಯನ್ನು ನಂಬುವುದು ಕಡಿಮೆ ಮಾಡಿ ದಾರವನ್ನು ನೋಡಲು ಶುರು ಮಾಡಿದೆ. ಮೊದಲು ದಾರವನ್ನೇ ಬದಲಾಯಿಸಿದೆ. ನನ್ನದು ಪಾರದರ್ಶಕ ನೈಲಾನ್ ದಾರ. ಅದು ಹಿಗ್ಗುತ್ತದೆ, ಕಣ್ಣಿಗೂ ಕಾಣುವುದಿಲ್ಲ. ಈಗ ರೀಲಿನಲ್ಲಿ ಹಳದಿ ಬಣ್ಣದ ಬ್ರೇಡ್, ಅಂದರೆ ಹೆಣೆದ ದಾರ ಇದೆ, ತುದಿಗೆ ಒಂದೂವರೆ ಮೀಟರ್ ಫ್ಲೋರೋಕಾರ್ಬನ್ ದಾರ. ಹಳದಿ ನನಗೆ ಕಾಣಲಿ ಅಂತ, ಫ್ಲೋರೋಕಾರ್ಬನ್ ಮೀನಿಗೆ ಕಾಣದಿರಲಿ ಅಂತ.

ಹುಳುವನ್ನು ಕಟ್ಟುವುದು ಟೆಕ್ಸಾಸ್ ರಿಗ್‌ನಲ್ಲಿ, ಅಂದರೆ ಕೊಕ್ಕೆಯ ತುದಿಯನ್ನು ಹುಳುವಿನೊಳಗೆ ಅಡಗಿಸುವ ರೀತಿಯಲ್ಲಿ. ಈ ಪ್ಲಾಸ್ಟಿಕ್ ಹುಳುವಿಗೆ ಹಳೆಯ ಕಥೆಯಿದೆ. 1949ರಲ್ಲಿ ಅಮೆರಿಕದ ಅಕ್ರನ್ ಊರಿನ ನಿಕ್ ಕ್ರೀಮ್ ಹೆಂಡತಿಯ ಜೊತೆ ಸೇರಿ ಮನೆಯಲ್ಲೇ ಅಚ್ಚು ಹೊಯ್ದು ಇದನ್ನು ಮಾಡಿದರು. ಇದರ ದೊಡ್ಡ ಗುಣ ಮೆತ್ತಗಿರುವುದು. ಗಟ್ಟಿ ಪ್ಲಾಸ್ಟಿಕ್‌ನ ನಕಲಿ ಮೀನನ್ನು ಬ್ಯಾಸ್ ಬಾಯಿಗಿಟ್ಟ ಕೂಡಲೇ ಉಗಿಯುತ್ತದೆ. ಮೆತ್ತನೆಯದನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳುತ್ತದೆ. ನನ್ನಂಥ ನಿಧಾನದವನಿಗೆ ಆ ಸ್ವಲ್ಪ ಹೊತ್ತೇ ದೊಡ್ಡದು.

ದಾರಕ್ಕೆ ಮೊದಲು ಬುಲೆಟ್ ಆಕಾರದ ತೂಕ ಪೋಣಿಸಬೇಕು, ಚೂಪು ತುದಿ ರಾಡಿನ ಕಡೆಗೆ. ನಾನು ಐದರಿಂದ ಏಳು ಗ್ರಾಂ ಹಾಕುತ್ತೇನೆ. ಆಮೇಲೆ ಕುತ್ತಿಗೆ ಬಾಗಿದ ಆಫ್‌ಸೆಟ್ ಕೊಕ್ಕೆ. ಗಂಟು ಬಿಗಿಯುವ ಮುಂಚೆ ದಾರಕ್ಕೆ ಎಂಜಲು ಹಚ್ಚುತ್ತೇನೆ. ಒಣ ದಾರವನ್ನು ಹಾಗೇ ಬಿಗಿದರೆ ಉಜ್ಜಿ ಬಿಸಿಯಾಗಿ ಗಂಟಿನ ಜಾಗ ದುರ್ಬಲವಾಗುತ್ತದೆ. ಕೊಕ್ಕೆಯ ತುದಿಯನ್ನು ಹುಳುವಿನ ತಲೆಗೆ ಅರ್ಧ ಸೆಂಟಿಮೀಟರ್ ಚುಚ್ಚಿ, ಪಕ್ಕದಿಂದ ಹೊರತೆಗೆದು, ಬಾಗಿದ ಕುತ್ತಿಗೆ ಹುಳುವಿನ ತಲೆಯಲ್ಲಿ ಕೂರುವವರೆಗೂ ಎಳೆಯಬೇಕು. ಕೊಕ್ಕೆಯನ್ನು ತಿರುಗಿಸಿ, ಹುಳುವನ್ನು ಪಕ್ಕದಲ್ಲಿ ನೇತುಬಿಟ್ಟು, ತುದಿ ಎಲ್ಲಿಗೆ ಬರುತ್ತದೆ ಅಂತ ಅಳತೆ ನೋಡಿ, ಅಲ್ಲೇ ಚುಚ್ಚಬೇಕು. ತುದಿ ಹುಳುವಿನ ಮೈಯೊಳಗೇ ಅಡಗಿದ್ದರೆ ಜೊಂಡಿಗೂ ಮುಳುಗಿದ ಕೊಂಬೆಗೂ ಸಿಕ್ಕಿಕೊಳ್ಳುವುದಿಲ್ಲ. ಹುಳು ನೆಟ್ಟಗಿರಬೇಕು, ಅಷ್ಟೇ. ಸ್ವಲ್ಪ ಸೊಟ್ಟಗಾದರೂ ನೀರಿನಲ್ಲಿ ಗಿರಗಿರ ತಿರುಗಿ ದಾರ ಹುರಿಗೊಳ್ಳುತ್ತದೆ. ನಾನು ಹತ್ತರಲ್ಲಿ ಮೂರು ಸಲ ಈಗಲೂ ಬಿಚ್ಚಿ ಮತ್ತೆ ಕಟ್ಟುತ್ತೇನೆ.

ಎಸೆದ ಮೇಲೆ ಕಣ್ಣು ದಾರ ನೀರು ಮುಟ್ಟುವ ಜಾಗದಲ್ಲಿರಬೇಕು. ಹುಳು ಕೆಳಗಿಳಿಯುವಾಗಲೇ ಬ್ಯಾಸ್ ಜಾಸ್ತಿ ಹೀರುತ್ತದೆ, ಅದಕ್ಕೆ ದಾರವನ್ನು ಪೂರ್ತಿ ಬಿಗಿ ಹಿಡಿಯದೆ, ಪೂರ್ತಿ ಸಡಿಲವೂ ಬಿಡದೆ ಇಳಿಸುತ್ತೇನೆ. ಇಳಿಯುವಾಗ ಎಣಿಸುತ್ತೇನೆ. ಒಂದು ಜಾಗದಲ್ಲಿ ಆರು ಎಣಿಸಿದಾಗ ತಳ ಮುಟ್ಟುತ್ತದೆ ಅಂತ ಗೊತ್ತಿದ್ದು, ಮುಂದಿನ ಸಲ ನಾಲ್ಕಕ್ಕೇ ದಾರ ಜೋತುಬಿದ್ದರೆ, ತಳ ಮೇಲೆ ಬಂದಿಲ್ಲವಲ್ಲ? ನಡುವೆ ಯಾರೋ ತೆಗೆದುಕೊಂಡಿದ್ದಾರೆ. ಇನ್ನು ಕೆಲವು ಸಲ ದಾರ ಒಮ್ಮೆ ಟಿಕ್ ಅಂತ ಕುಪ್ಪಳಿಸುತ್ತದೆ. ಇಲ್ಲವಾದರೆ ಗಾಳಿಗೆ ಎದುರಾಗಿ, ಯಾವ ಅವಸರವೂ ಇಲ್ಲದೆ ಪಕ್ಕಕ್ಕೆ ನಡೆಯುತ್ತದೆ. ನನಗೆ ತೀರಾ ಇಷ್ಟ ಇದು.

ಟಕಟಕಟಕ ಅಂತ ಕುಕ್ಕಿದ ಹಾಗಾದರೆ ಅದು ಬ್ಲೂಗಿಲ್. ಬ್ಯಾಸ್‌ಗೆ ದಾಯಾದಿ, ಒಂದೇ ಕುಟುಂಬದ ಮೀನು. ಅಂಗೈಯಷ್ಟು ಇರುತ್ತದೆ, ಹುಳುವಿನ ಬಾಲ ಮಾತ್ರ ಕಚ್ಚುತ್ತದೆ. ಅದಕ್ಕೆ ರಾಡ್ ಎಳೆದು ಪ್ರಯೋಜನವಿಲ್ಲ. ದಾರ ಇದ್ದಕ್ಕಿದ್ದ ಹಾಗೆ ಹಗುರವಾಗಿ, ತುದಿ ಕತ್ತರಿ ಹಾಕಿದ ಹಾಗೆ ಕಡಿದು ಬಂದರೆ ಅದು ಪೈಕ್ ಅನ್ನುವ ಚೂಪು ಹಲ್ಲಿನ ಮೀನಿನ ಕೆಲಸ. ಪೈಕ್ ಇರುವ ನೀರಿಗೆ ತುದಿಯಲ್ಲಿ ತಂತಿ ಹಾಕುವುದು ಒಳ್ಳೆಯದು.

ಕಚ್ಚಿದ್ದು ಗೊತ್ತಾದ ಮೇಲೆ ನಾನು ಇನ್ನೊಂದು ತಪ್ಪು ಮಾಡಿದೆ. ಮೀನು ಚೆನ್ನಾಗಿ ನುಂಗಲಿ, ಹತ್ತು ಎಣಿಸು ಅಂತ ಯಾರೋ ಹೇಳಿದ್ದರು. ಎಣಿಸಿದೆ. ಮೀನೇನೋ ಬಂತು. ಬಾಯಿ ತೆರೆದು ನೋಡಿದರೆ ಕೊಕ್ಕೆಯೇ ಇಲ್ಲ, ದಾರ ಗಂಟಲೊಳಗೆ ಇಳಿದುಹೋಗಿದೆ. ಇಕ್ಕುಳ ಹಾಕಿ ತಡಕಾಡಿದೆ, ಕಿವಿರಿನಿಂದ ರಕ್ತ ಬಂತು. ಆ ಮೀನು ಬದುಕಲಿಲ್ಲ. ಆ ಸಂಜೆ ಮತ್ತೆ ಗಾಳ ಎಸೆಯುವ ಮನಸ್ಸಾಗಲಿಲ್ಲ. ಈಗ ಅಷ್ಟು ಆಳಕ್ಕೆ ಹೋದರೆ ಕೀಳಲು ಹೋಗದೆ ದಾರವನ್ನು ಕೊಕ್ಕೆಯ ಹತ್ತಿರ ಕತ್ತರಿಸಿ ಬಿಟ್ಟುಬಿಡುತ್ತೇನೆ. ಕೊಕ್ಕೆ ಜಾರದ ಹಾಗೆ ತುದಿಯ ಹಿಂದಿರುವ ಮುಳ್ಳನ್ನೂ ಇಕ್ಕುಳದಿಂದ ಮೊದಲೇ ಚಪ್ಪಟೆ ಮಾಡಿರುತ್ತೇನೆ.

ಹತ್ತೂ ಬೇಡ, ಸೊನ್ನೆಯೂ ಬೇಡ. ದಾರ ನಡೆಯಿತೋ, ರಾಡಿನ ತುದಿ ನೀರಿನ ಕಡೆ ಇಳಿಸಿ ಸಡಿಲವನ್ನು ಸುತ್ತಿಕೊಳ್ಳುತ್ತೇನೆ. ಒದ್ದೆ ಬಟ್ಟೆ ಎತ್ತಿದಂಥ ಭಾರ ಕೈಗೆ ಬಂದರೆ ರಾಡನ್ನು ಒಮ್ಮೆ ಬಲವಾಗಿ ಸೆಳೆಯುತ್ತೇನೆ. ಕೊಕ್ಕೆ ಮೊದಲು ಹುಳುವಿನ ಮೈ ದಾಟಬೇಕು, ಆಮೇಲೆ ತುಟಿ, ಹಾಗಾಗಿ ಇಲ್ಲಿ ಮುಲಾಜು ಬೇಡ. ಆಮೇಲೆ ತುದಿಯನ್ನು ಕೆಳಗೇ ಇಟ್ಟುಕೊಂಡು ಎಳೆಯುವುದು. ಎತ್ತಿ ಹಿಡಿದರೆ ಮೀನು ನೀರಿನಿಂದ ಹಾರಿ ತಲೆ ಒದರಿ ಕೊಕ್ಕೆ ಕಳಚಿಕೊಳ್ಳುತ್ತದೆ.

ನೀರು 15ರಿಂದ 20 ಡಿಗ್ರಿ ಸೆಲ್ಸಿಯಸ್‌ಗೆ ಬಂದು ಬ್ಯಾಸ್ ಮೊಟ್ಟೆಯಿಡುವ ಕಾಲದಲ್ಲಿ ಮಾತ್ರ ದಾರದ ಈ ಲೆಕ್ಕವೆಲ್ಲ ಅಡಿಮೇಲು. ಗೂಡು ಕಾಯುವುದು ಗಂಡು. ಹಸಿವಿಲ್ಲದಿದ್ದರೂ ಹುಳುವನ್ನು ಬಾಯಲ್ಲಿ ಎತ್ತಿ ಗೂಡಿನಿಂದ ಆಚೆ ಹಾಕುತ್ತದೆ. ಅದನ್ನು ಮೇಲೆತ್ತಿದರೆ ಆ ಎರಡು ನಿಮಿಷದಲ್ಲಿ ಅದೇ ಬ್ಲೂಗಿಲ್ ದಾಯಾದಿಗಳು ಮೊಟ್ಟೆಗೆ ಮುತ್ತುತ್ತವೆ. ಗೂಡು ಕಂಡರೆ ನಾನು ಜಾಗ ಬಿಡುತ್ತೇನೆ.

ಮಿಕ್ಕ ಸಮಯದಲ್ಲಿ ಕೈ ಒದ್ದೆ ಮಾಡಿಕೊಂಡು ಕೆಳತುಟಿ ಹಿಡಿದು, ದೊಡ್ಡದಾದರೆ ಹೊಟ್ಟೆಗೂ ಆಸರೆ ಕೊಟ್ಟು, ಕೊಕ್ಕೆ ಬಿಡಿಸಿ ವಾಪಸ್ ಬಿಡುತ್ತೇನೆ. ಎಲ್ಲ ಕಡೆ ಇದು ಸರಿಯಲ್ಲ, ನೆನಪಿರಲಿ. ಜಪಾನಿನಲ್ಲಿ ಬ್ಯಾಸ್ ಹೊರಗಿನಿಂದ ಬಂದು ಅಲ್ಲಿಯ ಮೀನುಗಳನ್ನು ತಿಂದ ಜಾತಿ. ಅದನ್ನು ಜೀವಂತ ಸಾಗಿಸುವುದಕ್ಕೆ 2005ರಿಂದ ನಿಷೇಧವಿದೆ.

ಹೋದ ವಾರ ಸಂಜೆ, ದಾರ ಎಡಕ್ಕೆ ನಡೆಯಿತು. ಗಾಳಿ ಬಲಕ್ಕಿತ್ತು. ಎಲ್ಲ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಕಿವಿಯ ಹತ್ತಿರ ಸೊಳ್ಳೆ ಬಂತು, ಒಂದು ಏಟು ಹಾಕಿದೆ. ತಿರುಗಿ ನೋಡಿದರೆ ದಾರ ಜೋತುಬಿದ್ದಿತ್ತು. ಸುತ್ತಿ ತೆಗೆದೆ. ಹುಳು ಕೊಕ್ಕೆಯ ಬುಡಕ್ಕೆ ಜಾರಿ ಮುದ್ದೆಯಾಗಿತ್ತು, ಮೈ ಮೇಲೆ ಮರಳು ಕಾಗದ ಉಜ್ಜಿದ ಹಾಗೆ ಗೀರು. ಸೊಳ್ಳೆಯೂ ತಪ್ಪಿಸಿಕೊಂಡಿತ್ತು.