12 ಪಟ್ಟು ವ್ಯತ್ಯಾಸ ಎಲ್ಲಿಂದ ಬಂತು?

ನ್ಯೂಟ್ರಿನೊ ಅನ್ನೋ ಸೂಕ್ಷ್ಮ ಕಣ ಪರಮಾಣುವಿನ ನ್ಯೂಕ್ಲಿಯಸ್‌ಗೆ ಬಡಿದಾಗ ಏನಾಗುತ್ತದೆ ಅನ್ನೋದರ ಮೇಲೆ ಅಂತರರಾಷ್ಟ್ರೀಯ ಕಾರ್ಯಾಗಾರ. ಒಂದು ಸೆಷನ್ ನನ್ನ ತಲೆಗೆ ಬಿದ್ದಿತ್ತು. ಇಂಥ ಡಿಕ್ಕಿಗಳನ್ನು ಲೆಕ್ಕ ಹಾಕುವ ಜೀನಿ, ನುವ್ರೋ ತರಹದ ಸಿಮ್ಯುಲೇಷನ್‌ಗಳ ಫಲಿತಾಂಶ ಒಂದೇ ಗ್ರಾಫ್‌ನಲ್ಲಿ ತೋರಿಸೋಣ ಎಂದು ಎಲ್ಲರಿಗೂ ಮೇಲ್ ಹಾಕಿದೆ.

ಬಂದ ಫೈಲ್‌ಗಳನ್ನು ಸೇರಿಸಿದರೆ ಒಂದು ಗೆರೆ ಮಾತ್ರ ಎಲ್ಲೋ ಆಕಾಶದಲ್ಲಿ! ಎರಡು ರಾತ್ರಿ ಸುಮ್ನೆ ಕೋಡ್ ಕೆದಕಿದೆ. ಕೊನೆಗೆ ಭಾಗಿಸಿ ನೋಡಿದೆ: ಸರಿಯಾಗಿ 12. ನ್ಯೂಟ್ರಿನೊ ಬಡಿಯುವ ಗುರಿ ಕಾರ್ಬನ್-12; ಅದರ ನ್ಯೂಕ್ಲಿಯಸ್‌ನಲ್ಲಿ ಪ್ರೋಟಾನ್, ನ್ಯೂಟ್ರಾನ್ ಸೇರಿ 12 ಅಲ್ವಾ? ಡಿಕ್ಕಿಯ ಸಂಭವವನ್ನು ಒಬ್ಬರು ಇಡೀ ನ್ಯೂಕ್ಲಿಯಸ್‌ಗೆ ಲೆಕ್ಕ ಹಾಕಿ ಕೊಟ್ಟಿದ್ದರು, ಉಳಿದವರು ಒಂದೊಂದು ಕಣಕ್ಕೆ. ಯಾವುದು ಬೇಕೆಂದು ನಾನು ಹೇಳಿರಲೇ ಇಲ್ಲ.

ಭಾಗಿಸಿದ ಮೇಲೂ ಸಣ್ಣ ಗೊಂದಲ ಉಳಿಯಿತು. ಇಂಥ ಡಿಕ್ಕಿಯಲ್ಲಿ ಪಯಾನ್ ಅನ್ನೋ ಕಣ ಹುಟ್ಟಬಹುದು. 'ಪಯಾನ್ ಇಲ್ಲದ ಘಟನೆ' ಅಂದರೆ ಕೆಲವರಿಗೆ ಪಯಾನ್ ಹುಟ್ಟಲೇ ಇಲ್ಲ ಅಂತ. ಆದರೆ ಹುಟ್ಟಿದ ಪಯಾನ್ ನ್ಯೂಕ್ಲಿಯಸ್ ಒಳಗೇ ಹೀರಿಹೋಗಬಹುದು. ಡಿಟೆಕ್ಟರ್‌ಗೆ ಕಾಣೋದು ಹೊರಗೆ ಬಂದಿದ್ದು ಮಾತ್ರ.

ಆಮೇಲೆ ಅರ್ಧ ಪುಟದ ಟಿಪ್ಪಣಿ ಕಳಿಸಿದೆ: ಗುರಿ ಕಾರ್ಬನ್, ಎಲ್ಲರಿಗೂ ಒಂದೇ ಫ್ಲಕ್ಸ್ ಫೈಲ್ (ಯಾವ ಶಕ್ತಿಯ ನ್ಯೂಟ್ರಿನೊ ಎಷ್ಟು ಬರುತ್ತವೆ ಅನ್ನೋ ಪಟ್ಟಿ), ಲೆಕ್ಕ ಒಂದು ನ್ಯೂಕ್ಲಿಯಾನ್‌ಗೆ (ಅಂದರೆ ಒಂದು ಪ್ರೋಟಾನ್ ಅಥವಾ ನ್ಯೂಟ್ರಾನ್‌ಗೆ), ಹೊರಬಂದ ಕಣಗಳನ್ನು ಮಾತ್ರ ಎಣಿಸಿ. ಮೂರೇ ದಿನದಲ್ಲಿ ಹೊಸ ಫೈಲ್‌ಗಳು ಬಂದವು. ಗೆರೆಗಳು ಈಗಲೂ ಒಂದರ ಮೇಲೊಂದು ಕೂರಲಿಲ್ಲ, ಆದರೆ ಉಳಿದ ಜಗಳ ಭೌತಶಾಸ್ತ್ರದ್ದೇ.