ಮೊದಲು ಆ ಒಂಬತ್ತು ಮಂದಿಯ ಪರ ಮಾತಾಡಿ: ಸುವಾರ್ತೆಗಳಿಂದ ಕೃತಜ್ಞತೆಯ ಪಾಠ, ನನ್ನ ಅನುಭವ

ಮನೆ ಪ್ರಾರ್ಥನಾ ಕೂಟಗಳಲ್ಲಿ, ಸುಗ್ಗಿ ಹಬ್ಬಕ್ಕೆ ಮುಂಚಿನ ವಾರಗಳಲ್ಲಿ, ನಾನು ಕೃತಜ್ಞತೆಯ ಮೇಲೆ ಸತ್ಯವೇದ ಪಾಠ ನಡೆಸುತ್ತೇನೆ. ವಿಷಯ ಎತ್ತಿದ ಕೂಡಲೇ ಎಲ್ಲರಿಗೂ ಲೂಕನ ಸುವಾರ್ತೆಯ 17ನೆಯ ಅಧ್ಯಾಯದ ಹತ್ತು ಮಂದಿ ಕುಷ್ಠರೋಗಿಗಳು ನೆನಪಾಗುತ್ತಾರೆ. ಯಾಜಕರಿಗೆ, ಅಂದರೆ ಪುರೋಹಿತರಿಗೆ, ಮೈ ತೋರಿಸಿಕೊಳ್ಳಿರಿ ಎಂದು ಯೇಸು ಅವರನ್ನು ಕಳಿಸುತ್ತಾನೆ; ದಾರಿಯಲ್ಲೇ ಹತ್ತೂ ಮಂದಿ ವಾಸಿಯಾಗುತ್ತಾರೆ; ತಿರುಗಿ ಬಂದು ಉಪಕಾರ ಹೇಳುವವನು ಒಬ್ಬನೇ, ಅವನೂ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳುತ್ತಾನೆ. ಅದರ ಬೆನ್ನಿಗೇ ನೀತಿಯೂ ಬಾಯಿಗೆ ಬಂದುಬಿಡುತ್ತದೆ: ಒಂಬತ್ತು ಮಂದಿ ಕೃತಘ್ನರು, ನಾವು ಹಾಗಾಗಬಾರದು. ಹೀಗೆ ಐದು ನಿಮಿಷಕ್ಕೆ ಮುಗಿದ ಪಾಠ ಕೇಳಿ ಯಾರೂ ಯಾರ ಬಳಿಗೂ ತಿರುಗಿ ಹೋಗುವುದಿಲ್ಲ. ಲೂಕನು ಬರೆದಿರುವುದನ್ನು ನಿಧಾನವಾಗಿ ಓದಿದರೆ ಕೃತಜ್ಞತೆ ಎಂದರೆ ಹಿಡಿದ ದಾರಿ ಬಿಟ್ಟು ಹಿಂದಕ್ಕೆ ನಡೆಯುವ ಕೆಲಸ ಎಂದು ತಿಳಿಯುತ್ತದೆ. ಆ ಕೆಲಸ ಮಾಡಿಸುವ ಹಾಗೆ ಪಾಠ ನಡೆಸುವುದು ಹೇಗೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಂಟರಿಂದ ಹನ್ನೆರಡು ಮಂದಿ ಇದ್ದರೆ ಸರಿಯಾದ ಗುಂಪು. ಅದಕ್ಕಿಂತ ಹೆಚ್ಚಾದರೆ ಎರಡು ಮಾಡಿ, ಯಾಕೆಂದರೆ ದೊಡ್ಡ ಗುಂಪಿನಲ್ಲಿ ಯಾವಾಗಲೂ ಮಾತಾಡುವ ಮೂವರೇ ಮಾತಾಡುತ್ತಾರೆ. ಪಾಠ ನಾಲ್ಕು ವಾರದ್ದು; ಮೊದಲ ವಾರ ಲೂಕ 17, ಅದಕ್ಕೆ ಒಟ್ಟು ಸಮಯ 75 ನಿಮಿಷ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಭಾಷಾಂತರ ಇದ್ದರೆ ಅರ್ಧ ಹೊತ್ತು ಪದಗಳ ಚರ್ಚೆಯಲ್ಲೇ ಕಳೆದುಹೋಗುತ್ತದೆ. ಹಾಗಾಗಿ ಲೂಕ 17:7ರಿಂದ 19ರವರೆಗಿನ ವಚನಗಳನ್ನು ಒಂದೇ ಭಾಷಾಂತರದಿಂದ ದೊಡ್ಡ ಅಕ್ಷರದಲ್ಲಿ ಒಂದು ಹಾಳೆಗೆ ಅಚ್ಚು ಮಾಡಿಸಿ ಹಂಚುತ್ತೇನೆ. ಕನ್ನಡಕ ಮರೆತು ಬಂದ ಹಿರಿಯರಿಗೂ ಅನುಕೂಲ. ಗಲಿಲಾಯ, ಸಮಾರ್ಯ, ಯೆರೂಸಲೇಮ್ ತೋರಿಸುವ ಒಂದು ನಕಾಶೆ ಬೇಕು. ಒಬ್ಬೊಬ್ಬರಿಗೂ ಒಂದು ಸಣ್ಣ ನೋಟ್‌ಬುಕ್ಕು.

ಓದುವುದನ್ನು 11ನೆಯ ವಚನದಿಂದ ಶುರುಮಾಡುವುದು ವಾಡಿಕೆ. ನಾನು 7ರಿಂದಲೇ ಶುರುಮಾಡುತ್ತೇನೆ. ಹೊಲದಿಂದ ದಣಿದು ಬಂದ ಆಳಿಗೆ ಯಜಮಾನ ಉಪಕಾರ ಹೇಳುತ್ತಾನೋ ಎಂದು ಯೇಸು ಅಲ್ಲಿ ಕೇಳುತ್ತಾನೆ. ಮಾಡಬೇಕಾದ್ದನ್ನೇ ಮಾಡಿದ್ದೇವೆ ಎಂದುಕೊಳ್ಳಿರಿ ಎಂದು ಶಿಷ್ಯರಿಗೆ ಹೇಳುತ್ತಾನೆ. ಅದರ ಮರುವಚನದಲ್ಲೇ ಕುಷ್ಠರೋಗಿಗಳ ಪ್ರಸಂಗ ಬರುತ್ತದೆ. ಎರಡನ್ನೂ ಕೂಡಿಸಿ ಓದಿದಾಗ ಪಾಠದ ದಿಕ್ಕೇ ಬದಲಾಗುತ್ತದೆ: ಕೃತಜ್ಞತೆ ನಾವು ಸಲ್ಲಿಸಬೇಕಾದದ್ದು, ಇನ್ನೊಬ್ಬರಿಂದ ವಸೂಲಿ ಮಾಡುವ ಬಾಕಿ ಅಲ್ಲ. ಸಭೆಯಲ್ಲಿ ವರ್ಷಗಟ್ಟಲೆ ದುಡಿದು, "ಯಾರೂ ಒಂದು ಮಾತು ಹೇಳಲಿಲ್ಲ" ಎಂದು ಮನಸ್ಸು ಕಹಿ ಮಾಡಿಕೊಂಡವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. 11ರಿಂದ ಓದಿದರೆ ಅವರ ದೂರಿಗೆ ಇನ್ನಷ್ಟು ಬಲ ಬರುತ್ತದೆ, "ನೋಡಿ, ಯೇಸು ಸ್ವಾಮಿಯೇ ಕೇಳಿದರಲ್ಲ" ಎಂದು. 7ರಿಂದ ಓದಿದರೆ ಹಾಗಾಗುವುದಿಲ್ಲ.

ಆಮೇಲೆ ನಕಾಶೆ. ಯೇಸು ಸಮಾರ್ಯಕ್ಕೂ ಗಲಿಲಾಯಕ್ಕೂ ನಡುವೆ ಹೋಗುತ್ತಿದ್ದಾನೆ. ಯೆಹೂದ್ಯರಿಗೂ ಸಮಾರ್ಯದವರಿಗೂ ಆಗ ಆಗಿಬರುತ್ತಿರಲಿಲ್ಲ. ಯೆರೂಸಲೇಮಿಗೆ ಹೋಗುವ ನಿರ್ಧಾರ 9:51ರಲ್ಲೇ ಆಗಿದೆ. ಅಲ್ಲಿಂದ ಮುಂದಿನ ವಚನಗಳಲ್ಲೇ ಒಂದು ಸಮಾರ್ಯದ ಹಳ್ಳಿ ಅವನನ್ನು ಸೇರಿಸಿಕೊಳ್ಳಲಿಲ್ಲ; ಶಿಷ್ಯರಾದ ಯಾಕೋಬ ಯೋಹಾನರು ಆಕಾಶದಿಂದ ಬೆಂಕಿ ಬೀಳಿಸಲೇ ಎಂದು ಕೇಳಿ ಗದರಿಸಿಕೊಂಡರು. ತಿರುಗಿ ಬಂದ ಆ ಒಬ್ಬ ಸಮಾರ್ಯದವನು ಎಂದು ಲೂಕನು ಕೊನೆಯವರೆಗೆ ಹೇಳದೆ ಇಟ್ಟುಕೊಂಡದ್ದು ಯಾಕೆ ಎಂಬುದು ಇದನ್ನು ತಿಳಿದವರಿಗೆ ಥಟ್ಟನೆ ಹೊಳೆಯುತ್ತದೆ. ನಕಾಶೆಗೆ ಐದು ನಿಮಿಷ ಸಾಕು.

ಪಾಠದ ಜೀವ ಇರುವುದು ಇದರ ಮುಂದಿನ 15 ನಿಮಿಷದಲ್ಲಿ. ಪ್ರತಿಯೊಬ್ಬರೂ ಆ ಒಂಬತ್ತು ಮಂದಿಯ ಪರವಾಗಿ ಒಂದೊಂದು ಕಾರಣ ಹೇಳಬೇಕು. ಮೊದಲು ಯಾರಿಗೂ ಬಾಯಿ ಬರುವುದಿಲ್ಲ, ಆದ್ದರಿಂದ ಹಳೆಯ ಒಡಂಬಡಿಕೆಯ ನಿಯಮಗಳ ಪುಸ್ತಕವಾದ ಯಾಜಕಕಾಂಡ 13 ಮತ್ತು 14ರಿಂದ ಸಾಮಗ್ರಿ ಕೊಡಬೇಕು. ಆ ರೋಗ ಇದ್ದವನು ಬಟ್ಟೆ ಹರಿದುಕೊಂಡು, ತಲೆ ಕೆದರಿಕೊಂಡು, ಮೇಲ್ದುಟಿ ಮುಚ್ಚಿಕೊಂಡು "ಅಶುದ್ಧ, ಅಶುದ್ಧ" ಎಂದು ಕೂಗುತ್ತಾ ಪಾಳೆಯದ ಹೊರಗೆ ಇರಬೇಕಾಗಿತ್ತು. ವಾಸಿಯಾದರೂ ನೇರ ಮನೆಗೆ ಹೋಗುವಂತಿರಲಿಲ್ಲ. ಯಾಜಕನು ಬಂದು ನೋಡಬೇಕು. ಎರಡು ಹಕ್ಕಿ, ದೇವದಾರು ಮರದ ತುಂಡು, ಕೆಂಪು ದಾರ, ಹಿಸ್ಸೋಪ್ ಗಿಡ ಬೇಕು. ಒಂದು ಹಕ್ಕಿಯನ್ನು ಕೊಯ್ದು ಇನ್ನೊಂದನ್ನು ಬಯಲಿಗೆ ಬಿಡಬೇಕು. ಸ್ನಾನ, ಕ್ಷೌರ, ಬಳಿಕ ಏಳು ದಿನ ಗುಡಾರದ ಹೊರಗೇ ವಾಸ. ಏಳನೆಯ ದಿನ ಹುಬ್ಬನ್ನೂ ಸೇರಿಸಿ ಮತ್ತೆ ಕ್ಷೌರ. ಎಂಟನೆಯ ದಿನ ಎರಡು ಗಂಡು ಕುರಿಮರಿ, ಒಂದು ಹೆಣ್ಣು ಕುರಿಮರಿಯ ಕಾಣಿಕೆ. ಬಡವನಾದರೆ ಒಂದು ಕುರಿಮರಿ, ಎರಡು ಬೆಳವಕ್ಕಿ ಇಲ್ಲವೇ ಪಾರಿವಾಳದ ಮರಿ.

ಇಷ್ಟು ಕೇಳಿದ ಮೇಲೆ ಮಾತು ಬರುತ್ತದೆ. "ಯೇಸುವೇ ಯಾಜಕರ ಹತ್ತಿರ ಹೋಗಿ ಅಂದಿದ್ದ, ಅವರು ಹೇಳಿದ ಮಾತು ಕೇಳಿದರು." "ಹೆಂಡತಿ ಮಕ್ಕಳ ಮುಖ ನೋಡಿ ಎಷ್ಟು ಕಾಲ ಆಗಿತ್ತೋ." "ಕುರಿಮರಿಗೆ ದುಡ್ಡು ಹೊಂದಿಸಬೇಕಲ್ಲ." "ಯಾಜಕನು ನೋಡಿ ಹೇಳುವವರೆಗೆ ವಾಸಿಯಾಗಿದೆ ಎಂದು ನಂಬುವುದು ಹೇಗೆ?" ಎಲ್ಲವೂ ಒಳ್ಳೆಯ ಕಾರಣಗಳೇ. ಆ ಒಂಬತ್ತು ಮಂದಿಗೆ ಸಂತೋಷ ಆಗಲಿಲ್ಲ ಎಂದು ವಚನದಲ್ಲಿ ಎಲ್ಲೂ ಇಲ್ಲ. ಅವರು ಕೆಟ್ಟವರೆಂದೂ ಇಲ್ಲ. ಸರಿಯಾದ ದಾರಿಯಲ್ಲಿ, ಸರಿಯಾದ ಕೆಲಸಕ್ಕೆ, ಅವಸರದಲ್ಲಿ ಹೊರಟಿದ್ದರು. ಕೃತಜ್ಞತೆ ತಪ್ಪಿಹೋಗುವುದು ಹೆಚ್ಚಾಗಿ ಹೀಗೆಯೇ, ಕೆಟ್ಟತನದಿಂದಲ್ಲ. ಗುಂಪಿನಲ್ಲಿ ಒಬ್ಬರಾದರೂ "ಹಾಗಾದರೆ ನಾನೂ ಆ ಒಂಬತ್ತರಲ್ಲೇ ಇದ್ದೇನೆ" ಎನ್ನುವ ಘಳಿಗೆ ಬರುತ್ತದೆ. ಅದು ಬರುವ ಮುಂಚೆ ಮುಂದಿನ ಹಂತಕ್ಕೆ ಹೋಗಬೇಡಿ.

ಈಗ 15 ಮತ್ತು 16ನೆಯ ವಚನಗಳಲ್ಲಿ ಸಮಾರ್ಯದವನು ಮಾಡಿದ ಕೆಲಸಗಳಿಗೆ ಪೆನ್ಸಿಲಿನಿಂದ ಗೆರೆ ಎಳೆಯಲು ಹೇಳುತ್ತೇನೆ. ವಾಸಿಯಾದದ್ದನ್ನು ಕಂಡ. ತಿರುಗಿ ಬಂದ. ಗಟ್ಟಿ ದನಿಯಲ್ಲಿ ದೇವರನ್ನು ಕೊಂಡಾಡಿದ. ಯೇಸುವಿನ ಪಾದಕ್ಕೆ ಅಡ್ಡಬಿದ್ದ. ಉಪಕಾರ ಸ್ತುತಿ ಮಾಡಿದ. ಉಪಕಾರದ ಮಾತು ಬರುವುದು ಎಲ್ಲಕ್ಕಿಂತ ಕೊನೆಗೆ. ಮೊದಲು ಕಣ್ಣು, ಆಮೇಲೆ ಕಾಲು. ಆ ಕಾಲದ ಯೆರೂಸಲೇಮ್ ದೇವಾಲಯದಲ್ಲಿ ಅನ್ಯಜನರು, ಅಂದರೆ ಯೆಹೂದ್ಯರಲ್ಲದವರು, ಒಳಗಣ ಅಂಗಳಕ್ಕೆ ಕಾಲಿಡದಂತೆ ಒಂದು ಅಡ್ಡಗೋಡೆ ಇತ್ತು, ದಾಟಿದವನಿಗೆ ಮರಣವೆಂದು ಅದರ ಮೇಲೆ ಕಲ್ಲಿನಲ್ಲಿ ಕೊರೆಸಿತ್ತು. ಅಂಥ ಒಂದು ಕಲ್ಲು 1871ರಲ್ಲಿ ಸಿಕ್ಕಿದೆ, ಈಗ ಇಸ್ತಾಂಬುಲ್ ವಸ್ತುಸಂಗ್ರಹಾಲಯದಲ್ಲಿದೆ. ಯೇಸು "ಅನ್ಯದೇಶದವನು" ಎಂದು ಕರೆದ ಈ ಮನುಷ್ಯನಿಗೆ ಅಡ್ಡಬೀಳಲು ಸ್ಥಳ ಸಿಕ್ಕಿದ್ದು ರಸ್ತೆಯಲ್ಲಿ, ಯೇಸುವಿನ ಪಾದದ ಬಳಿ. ಇದನ್ನು ಹೇಳುವಾಗ ನನಗೆ ಪ್ರತಿಸಲವೂ ಗಂಟಲು ಕಟ್ಟುತ್ತದೆ.

ನೋಟ್‌ಬುಕ್ಕಿನ ಕೆಲಸ ಇಲ್ಲಿಂದಲೇ. ಹಾಳೆಯನ್ನು ನಾಲ್ಕು ಕಾಲಂ ಮಾಡಿ: ಏನು ಕಂಡೆ, ಯಾರ ಕೈಯಿಂದ ಬಂತು, ಎಲ್ಲಿಗೆ ತಿರುಗಿ ಹೋಗಬೇಕು, ಯಾವತ್ತು. ದಿನಕ್ಕೆ ಒಂದೇ ಸಾಲು. ದಿನಕ್ಕೆ ಹತ್ತು ಬರೆಯಲು ಹೇಳಿದರೆ ಮೂರನೆಯ ದಿನಕ್ಕೆ "ಗಾಳಿ, ನೀರು, ಆರೋಗ್ಯ, ಕುಟುಂಬ" ಎಂಬ ಪಟ್ಟಿ ಶುರುವಾಗುತ್ತದೆ. "ಆರೋಗ್ಯಕ್ಕಾಗಿ ಸ್ತೋತ್ರ" ಎಂದು ಬರೆದವರಿಗೆ ಎರಡನೆಯ ಕಾಲಂ ತುಂಬಲು ಆಗುವುದಿಲ್ಲ, "ದೇವರು" ಎಂದು ಬರೆದು ನಿಲ್ಲುತ್ತಾರೆ. ಅದೇ "ಮಂಗಳವಾರ ರಾತ್ರಿ ಮಗುವಿಗೆ ಜ್ವರ ಏರಿದಾಗ ಪಕ್ಕದ ಮನೆಯ ಅಕ್ಕ ಸಿರಪ್ ತಂದುಕೊಟ್ಟು ಹನ್ನೆರಡು ಗಂಟೆವರೆಗೆ ಕೂತಿದ್ದರು" ಎಂದು ಬರೆದರೆ ನಾಲ್ಕೂ ಕಾಲಂ ತಾವಾಗಿ ತುಂಬುತ್ತವೆ. ದೇವರನ್ನು ಕೊಂಡಾಡಿದ ಆ ಸಮಾರ್ಯದವನೇ ಮನುಷ್ಯರ ದಾರಿಯಲ್ಲಿ ನಡೆದು ಬಂದು ಒಬ್ಬರ ಕಾಲ ಬಳಿ ಬಿದ್ದ, ಅವೆರಡನ್ನೂ ಅವನು ಬೇರೆ ಮಾಡಲಿಲ್ಲ.

ಮನೆಯೊಳಗೆ ಬಾಯಿಬಿಟ್ಟು ಧನ್ಯವಾದ ಹೇಳುವ ರೂಢಿ ನಮ್ಮಲ್ಲಿ ಕಡಿಮೆ. ಅಮ್ಮನಿಗೋ ಹೆಂಡತಿಗೋ ಹಾಗೆ ಹೇಳಲು ಹೋದರೆ ಇಬ್ಬರಿಗೂ ಮುಜುಗರ. ಆಗ ಆ ಪದವನ್ನು ಬಿಟ್ಟು ಅವರು ಮಾಡಿದ್ದನ್ನೇ ಹೇಳಿದರಾಯಿತು: "ಅಮ್ಮಾ, ನನ್ನ ಪರೀಕ್ಷೆ ಮುಗಿಯುವವರೆಗೂ ನಾಲ್ಕೂವರೆಗೆ ಎದ್ದು ಡಬ್ಬಿ ಕಟ್ಟಿಕೊಟ್ಟೆಯಲ್ಲ, ಮರೆತಿಲ್ಲ." ಇಷ್ಟು ಸಾಕು.

ಎರಡನೆಯ ವಾರಕ್ಕೆ ಲೂಕ 18:9-14 ಇಟ್ಟುಕೊಳ್ಳಿ. "ದೇವರೇ, ನಿನಗೆ ಸ್ತೋತ್ರ" ಎಂದೇ ಶುರುವಾಗುವ ಪ್ರಾರ್ಥನೆ ಅದು, ಮಾಡಿದವನು ಫರಿಸಾಯ, ಧರ್ಮನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಗಡದವನು. ನೀತಿವಂತನೆನಿಸಿಕೊಂಡು ಮನೆಗೆ ಹೋದವನು ಮಾತ್ರ ಪಕ್ಕದಲ್ಲಿ ಪ್ರಾರ್ಥಿಸುತ್ತಿದ್ದ ಸುಂಕದವನು, ಜನರು ಪಾಪಿ ಎಂದು ದೂರ ಇಟ್ಟಿದ್ದ ತೆರಿಗೆ ವಸೂಲಿಗಾರ. ನಮ್ಮ ಸಾಕ್ಷಿ ಹೇಳುವ ಹೊತ್ತಿನಲ್ಲಿ ಈ ದೋಷ ಸಲೀಸಾಗಿ ನುಸುಳುತ್ತದೆ. "ಅವರ ಮನೆಯ ಗತಿ ನೋಡಿದಾಗ ದೇವರು ನಮ್ಮನ್ನು ಎಷ್ಟು ಚೆನ್ನಾಗಿಟ್ಟಿದ್ದಾನೆ ಅನ್ನಿಸಿತು" ಎಂಬ ಮಾತು ಕೇಳಲು ಭಕ್ತಿಯಂತಿದ್ದರೂ ಫರಿಸಾಯನದ್ದೇ ಪ್ರಾರ್ಥನೆ. ಪರೀಕ್ಷಿಸುವುದು ಸುಲಭ: ಸ್ತೋತ್ರದಲ್ಲಿ ಇನ್ನೊಬ್ಬರ ಕಷ್ಟ ಬಂದಿದೆಯೇ? ಬಂದಿದ್ದರೆ ಆ ಸಾಲು ಹೊಡೆದುಹಾಕಿ ಮತ್ತೆ ಬರೆಯಲು ಹೇಳುತ್ತೇನೆ.

ಮೂರನೆಯ ವಾರ ಲೂಕ 7:36-50. ಸೀಮೋನನೆಂಬ ಫರಿಸಾಯನ ಮನೆಯ ಊಟಕ್ಕೆ ಯೇಸು ಹೋಗಿರುತ್ತಾನೆ; ಅಲ್ಲಿ 500 ದಿನಾರಿ, 50 ದಿನಾರಿ ಸಾಲ ಇದ್ದು ಎರಡೂ ಮನ್ನಾ ಆದ ಇಬ್ಬರ ಕಥೆ ಹೇಳುತ್ತಾನೆ. ಸಾಲಗಾರರ ಲೆಕ್ಕವನ್ನು ನಮ್ಮ ಲೆಕ್ಕಕ್ಕೆ ತಿರುಗಿಸಿದರೆ ಮನಸ್ಸಿಗೆ ನಾಟುತ್ತದೆ. ಮತ್ತಾಯ 20ರ ಪ್ರಕಾರ ಒಂದು ದಿನಾರಿ ಒಂದು ದಿನದ ಕೂಲಿ. ಕೂಲಿ 500 ರೂಪಾಯಿ ಎಂದು ಹಿಡಿದರೆ 50 ದಿನಾರಿ 25,000 ರೂಪಾಯಿ, 500 ದಿನಾರಿ ಎರಡೂವರೆ ಲಕ್ಷ. ಎಲ್ಲರೂ ದೊಡ್ಡ ಸಾಲದ ಮೇಲೇ ಕಣ್ಣಿಡುತ್ತಾರೆ. ನೀವು 42ನೆಯ ವಚನದ ಹತ್ತಿರ ನಿಲ್ಲಿಸಿ. ತೀರಿಸುವ ಗತಿ ಇಬ್ಬರಿಗೂ ಇರಲಿಲ್ಲ. ತನ್ನದು ಸಣ್ಣ ಸಾಲ ಎಂದುಕೊಂಡ ಸೀಮೋನನು ಅತಿಥಿಗೆ ಕಾಲು ತೊಳೆಯಲು ನೀರು ಕೊಡಲಿಲ್ಲ, ಮುದ್ದಿಡಲಿಲ್ಲ, ತಲೆಗೆ ಎಣ್ಣೆ ಹಚ್ಚಲಿಲ್ಲ.

ನಾಲ್ಕನೆಯ ವಾರವೇ ಕಠಿಣ, ಯಾಕೆಂದರೆ ಅದು ಕೈಗೆ ಸಿಗುವ ಮುಂಚೆ ಸಲ್ಲಿಸುವ ಸ್ತೋತ್ರ. ಯೋಹಾನ 6ರಲ್ಲಿ ದೊಡ್ಡ ಜನಗುಂಪಿಗೆ ಊಟ ಕೊಡುವ ಮುಂಚೆ ಯೇಸು ಸ್ತೋತ್ರ ಮಾಡಿದಾಗ ಎದುರಿಗೆ ಇದ್ದದ್ದು ಐದು ಜವೆಗೋದಿಯ ರೊಟ್ಟಿ, ಎರಡು ಮೀನು. ಇನ್ನೂರು ದಿನಾರಿಯ ರೊಟ್ಟಿಯೂ ಸಾಲದು ಎಂದು ಶಿಷ್ಯ ಫಿಲಿಪ್ಪ ಆಗಲೇ ಹೇಳಿಯಾಗಿತ್ತು. ಯೋಹಾನ 11ರಲ್ಲಿ "ತಂದೆಯೇ, ನೀನು ನನಗೆ ಕಿವಿಗೊಟ್ಟದ್ದಕ್ಕಾಗಿ ನಿನ್ನನ್ನು ಕೊಂಡಾಡುತ್ತೇನೆ" ಎನ್ನುವಾಗ ಯೇಸು ಬದುಕಿಸಲಿದ್ದ ಸ್ನೇಹಿತ ಲಾಜರನು ಇನ್ನೂ ಸಮಾಧಿಯಲ್ಲಿದ್ದ. ಕಡೇ ಊಟದಲ್ಲಿ ಪಾತ್ರೆ ತೆಗೆದುಕೊಂಡು ಸ್ತೋತ್ರ ಮಾಡಿದ್ದು ತನ್ನನ್ನು ಶತ್ರುಗಳಿಗೆ ಹಿಡಿದುಕೊಡುವವನೂ ಕೂತಿದ್ದ ಪಂಕ್ತಿಯಲ್ಲಿ.

ಈ ಭಾಗವನ್ನು ದುಃಖದಲ್ಲಿರುವವರ ಮೇಲೆ ಹೊರಿಸಬೇಡಿ. ಮನೆಯಲ್ಲಿ ಸಾವಾದವರಿಗೆ "ಇದಕ್ಕೂ ಸ್ತೋತ್ರ ಹೇಳಿ" ಎನ್ನುವುದು ಕೂಟಗಳಲ್ಲಿ ಕಾಣುವ ದೊಡ್ಡ ಗಾಯ. ಲಾಜರನ ಆ ಯೋಹಾನ 11ರಲ್ಲೇ ಯೇಸು ಕಣ್ಣೀರಿಟ್ಟದ್ದು 35ನೆಯ ವಚನ, ಸ್ತೋತ್ರ ಮಾಡಿದ್ದು 41ನೆಯದು. ಅಳುವವರಿಗೆ 35ನೆಯ ವಚನದಲ್ಲಿ ಇರಲು ಬಿಡಿ, ಎಷ್ಟು ತಿಂಗಳಾದರೂ ಸರಿ. ನೋಟ್‌ಬುಕ್ಕು ಖಾಲಿ ಇದ್ದರೆ ಕೇಳಬಾರದು.

ಕುಷ್ಠರೋಗದ ಬಗ್ಗೆಯೂ ಒಂದು ಎಚ್ಚರ. ಯಾಜಕಕಾಂಡದಲ್ಲಿ ಆ ಹೆಸರು ಹಲವು ಬಗೆಯ ಚರ್ಮರೋಗಗಳಿಗೆ, ಬಟ್ಟೆ ಮತ್ತು ಗೋಡೆಯ ಬೂಷ್ಟಿಗೂ ಸಲ್ಲುತ್ತದೆ. ಇಂದಿನ ಕುಷ್ಠರೋಗಕ್ಕೆ ಬಹುಔಷಧ ಚಿಕಿತ್ಸೆ ಇದೆ, 1995ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಉಚಿತವಾಗಿ ಸಿಗುತ್ತಿದೆ. ರೋಗವನ್ನು ಪಾಪದ ಗುರುತಾಗಿ ಮಾತಾಡಿದರೆ ಆ ರೋಗ ಬಂದು ವಾಸಿಯಾದವರು ಕೂಟದಲ್ಲಿದ್ದರೂ ಬಾಯಿ ತೆರೆಯುವುದಿಲ್ಲ.

ತಿರುಗಿ ಹೋಗಬೇಕಾದವರು ತೀರಿಹೋಗಿದ್ದರೆ ಏನು ಮಾಡುವುದೆಂದು ಪ್ರತಿ ಗುಂಪಿನಲ್ಲೂ ಕೇಳುತ್ತಾರೆ. ಅವರ ಮಕ್ಕಳ ಹತ್ತಿರ ಹೋಗಿ, ತಂದೆ ಏನು ಮಾಡಿದ್ದರು ಎಂದು ಹೇಳಿ ಬನ್ನಿ; ಎಷ್ಟೋ ಸಲ ಮಕ್ಕಳಿಗೆ ಅದು ಗೊತ್ತೇ ಇರುವುದಿಲ್ಲ. ಉಪಕಾರ ಮಾಡಿದವರೇ ಆಮೇಲೆ ಕೇಡನ್ನೂ ಮಾಡಿದ್ದರೆ, ಭೇಟಿ ಸುರಕ್ಷಿತವಲ್ಲ ಎನಿಸಿದರೆ, ಕಾಗದದಲ್ಲಿ ಬರೆದು ಪ್ರಾರ್ಥನೆಯಲ್ಲಿ ಇಟ್ಟರೆ ಸಾಕು, ಹೋಗಲೇಬೇಕೆಂಬ ಒತ್ತಾಯ ಬೇಡ.

ಸಂಡೇ ಸ್ಕೂಲಿನ ಮಕ್ಕಳಿಗೆ ಲೂಕ 17 ಮಾತ್ರ, 25 ನಿಮಿಷ. ಹತ್ತು ಮಕ್ಕಳನ್ನು ಕೋಣೆಯ ಆಚೆ ತುದಿಗೆ ನಡೆಸಿ, ಅರ್ಧ ದಾರಿಯಲ್ಲಿ "ವಾಸಿಯಾಯಿತು" ಎಂದು ಕೂಗಿ, ಒಬ್ಬರನ್ನು ತಿರುಗಿ ಬರಲು ಹೇಳುವುದು ಎಲ್ಲರೂ ಆಡಿಸುವ ಆಟ. ತಿರುಗಿ ಬಂದ ಮಗುವಿಗೆ ಮಾತ್ರ ಚಾಕೊಲೇಟ್ ಕೊಡಬೇಡಿ. ಕೊಟ್ಟರೆ ಮುಂದಿನ ಸಲ ಹತ್ತೂ ಮಕ್ಕಳು ತಿರುಗುವುದು ಚಾಕೊಲೇಟಿಗಾಗಿ. ಹೊರಡುವಾಗಲೇ ಹತ್ತೂ ಮಂದಿಗೆ ಕೊಟ್ಟುಬಿಡಿ. ಯೇಸು ಆ ಒಂಬತ್ತು ಮಂದಿಯ ಕಾಯಿಲೆಯನ್ನು ಮರಳಿ ಹಚ್ಚಲಿಲ್ಲ.